ಹಸಿರು ಗೀಟಿನ ಬೈರಣ್ಣ

ನಮ್ಮ ಮನೆ ಮಾಲೀಕ ಬೈರಣ್ಣನ ಬಗ್ಗೆ ಬರೆಯಬೇಕೆಂದರೆ ಮೊದಲು ಅವನ ಬಾಯಿಯ ಬಗ್ಗೆ ಬರೆಯಬೇಕು. ಆ ಬಾಯಿ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಎಲೆಯಡಿಕೆ ಮೆಲ್ಲುತ್ತ, ನಾನು ಹತ್ತಿಳಿಯುವ ಮೆಟ್ಟಿಲ ಬುಡದಲ್ಲೇ ಪಿಚಕ್ಕನೆ ಉಗಿಯುತ್ತಿದ್ದ. ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದು, ಬಂದದ್ದನ್ನು ಒಮ್ಮೆ ನೋಡಿ, ಪಂಚೆಗೆ ಒರೆಸುತ್ತಿದ್ದ. ಸುದ್ದಗುಂಟೆಪಾಳ್ಯದಲ್ಲಿ ರಾಗಿ ಬೆಳೆಯುತ್ತಿದ್ದವನು ಹೊಲ ಮಾರಿ ಮೂರಂತಸ್ತು ಕಟ್ಟಿಸಿದ್ದ; ಮೇಲಿನ ಒಂಟಿ ಕೋಣೆಯಲ್ಲಿ ವಿಜಾಪುರದಿಂದ ಬಂದ ನಾನು ಬಾಡಿಗೆಗಿದ್ದೆ. ಹಗಲೆಲ್ಲ ಜಯನಗರದ ಹಲ್ಲಿನ ಡಾಕ್ಟರ ಹತ್ತಿರ ರಿಸೆಪ್ಷನಿಸ್ಟ್ ಕೆಲಸ. ಊರವರ ಹುಳುಕು ಹಲ್ಲು ನೋಡಿ ಸಾಕಾಗಿ ಬಂದರೆ ಇಲ್ಲಿ ಇವನ ಬಾಯಿ.

ಇದು ತೊಂಬತ್ತೆಂಟರ ಮಾತು. ನನಗಿದ್ದ ಸುಖ ಒಂದೇ, ಭಾನುವಾರ ರಾಮಯ್ಯನವರ ಬಾಡಿಗೆ ಪುಸ್ತಕದಂಗಡಿಯಿಂದ ತರುತ್ತಿದ್ದ ಮಾಯಾಲೋಕದ ಕಾದಂಬರಿ. ವಾರಕ್ಕೊಂದು ಭಾಗ. ಹತ್ತು ಭಾಗದ ಸರಣಿ ಕೆಟ್ಟದಾಗಿದ್ದರೆ ಹತ್ತು ಭಾನುವಾರ ಮಣ್ಣುಪಾಲು. ಹಾಗಾಗಿ ಗುರುತು ನೋಡಿ ಆರಿಸುತ್ತಿದ್ದೆ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಅಲ್ಲಿನ ಓದುಗರು ಇಪ್ಪತ್ತೊಂದನೇ ಪುಟದಲ್ಲಿ ತಂತಮ್ಮ ಗುರುತು ಹಾಕುತ್ತಿದ್ದರು. ಒಬ್ಬರದು ಹಸಿರು ಗೀಟು. ಎರಡು ಹಸಿರು ಗೀಟಿದ್ದ ಸರಣಿ ಒಮ್ಮೆಯೂ ನನಗೆ ಮೋಸ ಮಾಡಿರಲಿಲ್ಲ. ಆ ಓದುಗರು ತ್ಯಾಗರಾಜನಗರದ ಯಾರೋ ರಿಟೈರ್ಡ್ ಟೀಚರ್ ಎಂದುಕೊಂಡಿದ್ದೆ. ಮಲ್ಲಿಗೆ ಮುಡಿದು, ಕೈ ತೊಳೆದು ಪುಸ್ತಕ ಹಿಡಿಯುವವರು. ಈ ಊರಲ್ಲಿ ನನ್ನ ಮನಸ್ಸಿನವರು ಅಂತ ಇದ್ದದ್ದು ಅವರೊಬ್ಬರೇ.

ಆ ಭಾನುವಾರ ನನ್ನ ಮುಂದೆ ಎರಡು ಸರಣಿಗಳಿದ್ದವು. ಹತ್ತು ಭಾಗದ ‘ಏಳು ಕಣಿವೆಯ ರಾಣಿ’ಗೆ ಒಂದೇ ಗೀಟು, ಅದೂ ಮೂರನೇ ಭಾಗದವರೆಗೆ ಮಾತ್ರ. ‘ಕಲ್ಲಿನ ಹದ್ದು’ ಸರಣಿಯ ಐದು ಭಾಗಕ್ಕೂ ಎರಡೆರಡು.

“ಹದ್ದಿನ ಆರನೇದು ಇಲ್ಲ ಮೇಡಂ, ಕೊನೇ ಭಾಗ. ಕಳೆದ್ಬಿಟ್ಟವ್ರೆ,” ಅಂದರು ರಾಮಯ್ಯ. “ಈಗ ಎಲ್ಲೂ ಸಿಗಲ್ಲ.”

ಏನು ಮಾಡಲೆಂದು ನಿಂತಿದ್ದಾಗ ಪಕ್ಕದ ಸ್ಟೂಲಿನ ಮೇಲೆ ಬೈರಣ್ಣ ಕಂಡ. ಎಂಜಲು ಬೆರಳಿನಿಂದ ಹಾಳೆ ಮಗುಚುತ್ತ ಇಪ್ಪತ್ತೊಂದಕ್ಕೆ ಬಂದು, ಕಿವಿಯ ಸಂದಿಯ ಪೆನ್ನು ತೆಗೆದು ಹಸಿರು ಗೀಟೆಳೆದ.

“ನಿಮ್ಮದೇನ್ರಿ ಈ ಗುರುತು?”

“ಹೂಂ ಕಣಮ್ಮ. ಒಂದು ಅಂದ್ರೆ ಓದಿವ್ನಿ ಅಂತ. ಎರಡು ಅಂದ್ರೆ ಇನ್ನೊಂದ್ಸಲ ಓದ್ಬೇಕು ಅಂತ.”

ಎರಡು ವರ್ಷ ಇವನ ಎಂಜಲು ಹತ್ತಿದ ಹಾಳೆಗಳನ್ನು ಎದೆಗವುಚಿಕೊಂಡು ಮಲಗಿದ್ದೆನಲ್ಲ! ಹಟಕ್ಕೆ ಬಿದ್ದು ರಾಣಿಯನ್ನೇ ತಂದೆ.

ಅದೆಂಥ ಕಸ! ಮೊದಲ ಭಾಗದಲ್ಲಿ ಸತ್ತ ಕುದುರೆ ಮೂರನೆಯದರಲ್ಲಿ ರಾಣಿಯನ್ನು ಹೊತ್ತು ಓಡುತ್ತಿತ್ತು. ಮೂರು ಭಾನುವಾರ ದಂಡವಾಯಿತು. ವಾಪಸ್ ಕೊಡಲೆಂದು ಇಳಿದು ಬರುವಾಗ ಬೈರಣ್ಣ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ.

“ಥೂ, ಇದ್ಯಾಕ್ ತಂದೆ? ಸತ್ತ ಕುದ್ರೆ ಎದ್ದು ಓಡ್ತದಲ್ಲ, ಅಲ್ಲಿಗೇ ಬಿಸಾಕ್ದೆ ನಾನು.”

ನಾನು ಮನಸ್ಸಿನಲ್ಲಿ ಬೈದುಕೊಂಡ ಮಾತೇ ಆ ಬಾಯಿಂದ ಬಂದದ್ದು ಕೇಳಿ ಮೈಯೆಲ್ಲ ಹೇಸಿಗೆಯಾಯಿತು. ಆದರೂ ಕೇಳಿದೆ.

“ಮುಂದೇನ್ ಓದ್ಲಿರಿ, ಅಣ್ಣಾರ?”

“ಹದ್ದು ಓದು.” ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಆರನೇದು ನನ್ನತ್ರ ಐತೆ. ಕಳೆದೋಯ್ತು ಅಂತ ಸುಳ್ಳೇಳಿ ದಂಡ ಕಟ್ದೆ. ವಾಪಸ್ ಕೊಡಕ್ಕೆ ಮನಸ್ ಬರ್ಲಿಲ್ಲ.”

ಕೊಳಕ ಅಷ್ಟೇ ಅಲ್ಲ, ಕಳ್ಳ ಬೇರೆ! ರಾಮಯ್ಯನವರಿಗೆ ಹೇಳಿಬಿಡಬೇಕೆಂದುಕೊಂಡೆ. ಹೇಳಲಿಲ್ಲ. ಹದ್ದಿನ ಐದು ಭಾಗಗಳನ್ನು ಊಟ ಮರೆತು ಓದಿದೆ. ಆರನೇ ಭಾನುವಾರ ಬೆಳಿಗ್ಗೆ ಅವನ ಬಾಗಿಲು ತಟ್ಟಿದೆ.

ಬೈರಣ್ಣ ಹಾಸಿಗೆಯಡಿಯಿಂದ ಪುಸ್ತಕ ತೆಗೆದ. ಬೆರಳು ನೆಕ್ಕಿ ನೆಕ್ಕಿ ಹಾಳೆ ಬಿಡಿಸಿ ಒಂದು ಪುಟ ತೋರಿಸಿದ.

“ಇಲ್ಲಿಗೆ ಬಂದಾಗ ಒಬ್ಳೇ ಇರು ಕಣಮ್ಮ. ಅಳು ತಡ್ಕೊಳ್ಳಕ್ಕಾಗಲ್ಲ.”

ಆ ಹಾಳೆಯ ಮೂಲೆ ಇನ್ನೂ ಒದ್ದೆಯಾಗಿತ್ತು. ನಾನು ಎರಡೂ ಕೈ ಚಾಚಿ ಇಸಿದುಕೊಂಡೆ.