ಶಾಹಿಸ್ತಾ ತಿದ್ದಿದ ಬಾವಿಕಟ್ಟೆ

ವಿಜಯಪುರದ ಇಬ್ರಾಹಿಂಪುರದಲ್ಲಿ ಬೋರ್ಡು ಬರೆಯುವ ಶಾಹಿಸ್ತಾ ಎಂದರೆ ಗೊತ್ತಿಲ್ಲದವರಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು ಏಣಿ ಹತ್ತಿದಳೆಂದರೆ ಮಧ್ಯಾಹ್ನದೊಳಗೆ ಅಂಗಡಿಗೊಂದು ಹೆಸರು ಬಂದಿರುತ್ತಿತ್ತು. ಫ್ಲೆಕ್ಸ್ ಬಂದು ಆ ಕೆಲಸ ಕಮ್ಮಿಯಾದಾಗ ಆಕೆ ಅಳುತ್ತ ಕೂಡಲಿಲ್ಲ, ಸಾಲೆಗಳ ಗೋಡೆಗೆ ಚಿತ್ರ ಬರೆಯತೊಡಗಿದಳು.

ಹೋದ ಜೂನಿನಲ್ಲಿ ತಿಕೋಟಾದ ಒಂದು ಸಾಲೆಯವರು ಕರೆದರು. ಗೋಡೆಯ ಹಳೆಯ ಚಿತ್ರಗಳು ಮಾಸಿದ್ದವು, ಅವನ್ನೇ ಮತ್ತೆ ತೀಡಬೇಕಿತ್ತು. ಹೋಗಿ ನೋಡಿದರೆ ಅವು ಅವಳ ಅಪ್ಪ ಅಲ್ಲಾಉದ್ದೀನ ನಲವತ್ತು ವರ್ಷದ ಹಿಂದೆ ಪುಸ್ತಕ ನೋಡಿ ಬರೆದವು! ಶಾಹಿಸ್ತಾಗೆ ಖುಷಿಯೋ ಖುಷಿ.

ಮೊದಲನೆಯದು ಬಾವಿಕಟ್ಟೆ. ನಾಲ್ವರು ಹೆಂಗಸರು ನಗುನಗುತ್ತ ನೀರು ಸೇದುತ್ತಿದ್ದಾರೆ. ಐದನೆಯವಳು ದೂರದಲ್ಲಿ ಖಾಲಿ ಕೊಡ ಇಟ್ಟುಕೊಂಡು, ಅವರು ಎತ್ತಿ ಸುರಿಯುವ ನೀರಿಗಾಗಿ ಕಾಯುತ್ತ ಕುಳಿತಿದ್ದಾಳೆ. ಶಾಹಿಸ್ತಾ ಕುಂಚ ಅದ್ದುವಷ್ಟರಲ್ಲಿ ಬಿಸಿಯೂಟ ಮಾಡುವ ಕಾಳವ್ವ ಬಂದು ನಿಂತಳು.

“ಆಕೀನ್ನ ಹಂಗ ಕುಂಡ್ರಸ್ತಿ ಏನವಾ?”

“ಹೂಂರಿ. ಯಾಕ್ರಿ?”

“ನಾ ಇದೇ ಸಾಲ್ಯಾಗ ಕಲತಾಕಿ. ‘ನೋಡಲೇ ಕಾಳಿ, ನಿಮ್ಮವ್ವ ಕುಂತಾಳ’ ಅಂತ ಹುಡುಗ್ರು ದಿನಾ ಕಾಡತಿದ್ರು. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟೆ.”

ನಗುತ್ತಲೇ ಅಂದು ಕಾಳವ್ವ ಒಲೆಯ ಕಡೆ ನಡೆದಳು. ಶಾಹಿಸ್ತಾ ಕುಂಚ ತೊಳೆದಿಟ್ಟು ನೇರ ಹೆಡ್ ಮಾಸ್ತರ ಸಿದ್ದರಾಮರ ಹತ್ತಿರ ಹೋಗಿ, ಆ ಚಿತ್ರ ಬದಲಿಸಲೇ ಎಂದು ಕೇಳಿದಳು.

“ಇದ್ದದ್ದು ಇದ್ದಂಗ ತೀಡ್ರಿ. ಇಲ್ಲಾಂದ್ರ ಊರಾಗ ನಾಕು ಮಾತು ಬರತಾವ,” ಎಂದರು ಅವರು.

“ಸರ್, ಈಗೂ ಊರಾಗ ಹಿಂಗ ನಡೀತೈತೇನ್ರಿ?”

“ಛೇ ಛೇ! ಈಗೆಲ್ಲಿ?”

“ಹಂಗಾದ್ರ ಗ್ವಾಡಿ ಮ್ಯಾಲ ಯಾಕ್ರಿ?”

ಮಾಸ್ತರರು ಕನ್ನಡಕ ಒರೆಸಿಕೊಂಡರು. “ಆಕೀನ್ನ ಅಳಿಸಿಬಿಡ್ರಿ ಹಂಗಾದ್ರ.”

“ಅಳಸೂದಿಲ್ಲರಿ ಸರ್. ಕಟ್ಟಿ ಹತ್ತಸ್ತೇನಿ.”

ಅವರು ಒಲ್ಲೆ ಎನ್ನಲಿಲ್ಲ. ಅಷ್ಟೇ ಸಾಕಾಯಿತು ಆಕೆಗೆ.

ಆದರೆ ಅಪ್ಪನಿಗೆ ಹೇಗೆ ಹೇಳುವುದು? ಸಂಜೆ ಚಹಾ ಕೊಟ್ಟು ಅಳುಕುತ್ತಲೇ ಎಲ್ಲ ಹೇಳಿದಳು.

“ಪುಸ್ತಕದಾಗಿತ್ತು, ತೆಗದೆ. ಆಕಿ ಯಾಕ ದೂರ ಕುಂತಾಳ ಅಂತ ಕೇಳಲೇ ಇಲ್ಲ ನಾ,” ಎಂದ ಅಲ್ಲಾಉದ್ದೀನ. ಮರುದಿನ ಮಗಳಿಗಿಂತ ಮೊದಲೇ ಹೋಗಿ ತಿಕೋಟಾ ಬಸ್ಸಿನಲ್ಲಿ ಕುಳಿತಿದ್ದ.

ಕಾಳವ್ವನನ್ನೇ ನಿಲ್ಲಿಸಿ, ಕೈಗೆ ಹಗ್ಗ ಕೊಟ್ಟು ಬರೆಯತೊಡಗಿದರು. “ಲಗೂ ತೆಗೀರಿ, ಬ್ಯಾಳಿ ಹೊತ್ತತೈತಿ!” ಎಂದು ಆಕೆಯ ಗದ್ದಲ. ಮುಖವನ್ನು ಮಾತ್ರ ಅಲ್ಲಾಉದ್ದೀನ ಯಾರಿಗೂ ಬಿಡಲಿಲ್ಲ. ತಾನೇ ಕುಂಚ ಹಿಡಿದು ಬರೆದ.

ಊಟದ ಗಂಟೆ ಹೊಡೆಯಿತು. ಹುಡುಗರು ಓಡಿಬಂದು ನೋಡಿದರೆ, ಬಾವಿಕಟ್ಟೆಯ ನಟ್ಟನಡುವೆ ತಮಗೆ ಅನ್ನ ಹಾಕುವ ಕಾಳವ್ವ ನೀರು ಸೇದುತ್ತಿದ್ದಾಳೆ. ಉಳಿದ ನಾಲ್ವರೂ ಕೊಡ ಹಿಡಿದು ಸರತಿಗೆ ನಿಂತಿದ್ದಾರೆ. ಹುಡುಗರು ಕುಣಿದಾಡಿದರು. ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಮೂಗು ಚೂರು ದಪ್ಪ ಆತಲ್ಲೋ ಯಪ್ಪಾ!” ಎಂದಳು.

ಊರಿನಲ್ಲಿ ನಾಲ್ಕು ಮಾತು ಬಂದವು, ಹೋದವು. ಹದಿನೈದು ದಿನಕ್ಕೆ ಹೊನವಾಡದ ಸಾಲೆಯಿಂದಲೂ ಫೋನು ಬಂತು. ಅಲ್ಲಿನ ಗೋಡೆಯ ಮೇಲೆ ತಾಯಿ ರೊಟ್ಟಿ ಬಡಿಯುತ್ತಿದ್ದಳು, ತಂದೆ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ.

“ಇಲ್ಲಿ ಯಾರನ್ನ ಎಬ್ಬಸ್ತಿ?” ಎಂದು ಕೇಳಿದ ಅಲ್ಲಾಉದ್ದೀನ.

ಶಾಹಿಸ್ತಾ ಆಗಲೇ ಏಣಿ ಹತ್ತಿದ್ದಳು. “ಪೇಪರ ಓದಾಂವನ್ನ!”