ಕಾಯಿಪಲ್ಯೆ ಕೇಳಿದ ಹುಡುಗಿ

ಗದ್ವಾಲದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವಳು ಉಟ್ಕೂರಿನ ನೇಕಾರರ ಮಗಳು. ಊರಿಂದ ಬರುವಾಗ ಚೀಲದ ತುಂಬ ಸೌತೆಕಾಯಿ, ಪೇರಲಹಣ್ಣು ತರುತ್ತಿದ್ದಳು. ಚಿಪ್ಸ್ ಪೊಟ್ಟಣ ಹಿಡಿದು ಕೂತ ನಮ್ಮ ಕೈಗೆ ಹೋಳು ಇಟ್ಟು, "ಮೊದಲ ಇದು ತಿನ್ರಿ" ಅನ್ನುತ್ತಿದ್ದಳು.

ಮೆಸ್ಸಿನಲ್ಲಿ ವಾರಗಟ್ಟಲೆ ಆಲೂಗಡ್ಡೆ, ನೀರಿನಂಥ ಬ್ಯಾಳಿ ಸಾರು ಅಷ್ಟೇ. ಹಾಸ್ಟೆಲ್ ಬಿಡಿಸಿಯಾರೆಂದು ಹೆದರಿ ನಾವ್ಯಾರೂ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಅವಳು ತನ್ನ ತಾಟನ್ನು ವಾರ್ಡನ್ ಮುಂದಿಟ್ಟಳು.

"ಮೇಡಂ, ಇವತ್ತು ನಮ್ಮ ಜೋಡಿ ಊಟ ಮಾಡ್ರಿ."

ವಾರ್ಡನ್ ಎರಡು ತುತ್ತು ಉಂಡು ತಾಟು ಸರಿಸಿದರು. ಆಮೇಲೆ, "ನಾಳೆ ಸಂತಿಗೆ ನನ್ನ ಜೋಡಿ ಬಾ" ಅಂದರು.

ಮರುದಿನ ರಾತ್ರಿ ಮೆಂತ್ಯಪಲ್ಯೆ, ಬದನೆಕಾಯಿ, ತಾಟಿಗೊಂದು ಬಾಳೆಹಣ್ಣು ಬಂದವು. ಹೊಸದಾಗಿ ಸೇರಿದ್ದ ಮಕ್ತಲದ ಹುಡುಗಿ, "ಇದನ್ನ ಯಾರು ಮಾಡಿಸ್ಯಾರ?" ಅಂತ ಕೇಳಿದಳು.

ಎದೆಯುಬ್ಬಿಸಿ ಹೇಳಿದೆ, "ನಮ್ಮ ರೂಮಿನಾಕಿ."