ಚೌಡತ್ತೆಯ ಮಜ್ಜಿಗೆ ಜಗ್ಗು

ಮೊನ್ನೆ ಸೇಲಂನ ಪಾತ್ರೆ ಅಂಗಡಿಯೊಂದರಲ್ಲಿ ಎವರ್‌ಸಿಲ್ವರ್ ಕೊಡ, ಅಂದರೆ ಸ್ಟೀಲಿನದು, ಕೊಂಡೆ. ಚಿಕ್ಕಪ್ಪನ ಮೊಮ್ಮಗಳ ಮದುವೆಗೆ. ಎಲ್ಲರೂ ಕವರು ಕೊಟ್ಟು ಕೈ ಮುಗಿದು ಬರುವ ಈ ಕಾಲದಲ್ಲಿ ಕೊಡ ಹೊತ್ತುಕೊಂಡು ಮದುವೆಗೆ ಹೋಗುವವಳು ನಾನೊಬ್ಬಳೇ ಇರಬೇಕು; ಅಂಥ ದಿನ ನನ್ನ ಮಗಳು ಬಸ್ಸಿನಲ್ಲಿ ಬೇರೆ ಸೀಟು ಹುಡುಕಿಕೊಳ್ಳುತ್ತಾಳೆ. ಅಂಗಡಿಯವರು ಕೊಡವನ್ನು ಬಟ್ಟೆಯಿಂದ ಒರೆಸಿ, “ಪೇರು ಪೋಡಣುಮಾ ಅಕ್ಕಾ?” ಎಂದು ಕೇಳಿದರು. ಹೆಸರು ಹಾಕಬೇಕೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಇನ್ನಾರದೋ ತಟ್ಟೆಯ ಮೇಲೆ ಹೆಸರು ಕೊರೆಯುವ ಮಿಷನ್ನು ಗುರ್ರೆನ್ನತೊಡಗಿತು. ಹಲ್ಲಿನ ಬೇರಿಗೇ ಹೋಗಿ ಮುಟ್ಟುವ ಸದ್ದು ಅದು, ನೀವೂ ಕೇಳಿರುತ್ತೀರಿ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಹೆಸರು ಕೊರೆಯಲಾಗದ ಒಂದು ಸಾಮಾನು ನೆನಪಾಗುತ್ತದೆ.

ನಾವು ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಮಗ್ಗದ ಗುಣಿಯಲ್ಲಿ ಎರಡೂ. ನಮ್ಮವರಿಗೆ ಗುರುತಿನ ಹುಚ್ಚು ಸ್ವಲ್ಪ ಹೆಚ್ಚು. ಬಣ್ಣ ಕಟ್ಟಿಸಲು ಬೀದಿಯವರ ನೂಲಿನ ಲಡಿಗಳೆಲ್ಲ ಒಟ್ಟಿಗೇ ಹೋಗುತ್ತಿದ್ದವು. ಒಂದೇ ತೊಟ್ಟಿಯಲ್ಲಿ ಮುಳುಗಿ ಒಂದೇ ಬಣ್ಣವಾಗಿ ಬರುತ್ತಿದ್ದವು. ಆಮೇಲೆ ಯಾವುದು ಯಾರದು? ಅದಕ್ಕೇ ಪ್ರತಿ ಮನೆಯವರೂ ಲಡಿಗೊಂದು ನೂಲಿನ ತುಂಡು ಕಟ್ಟಿ, ಅದರಲ್ಲಿ ತಮ್ಮದೇ ಕ್ರಮದ ಗಂಟು ಹಾಕುತ್ತಿದ್ದರು. ಗಂಟು ನೋಡಿದರೆ ಮನೆ ತಿಳಿಯುತ್ತಿತ್ತು. ಪಾತ್ರೆಗಳಿಗಾದರೋ ಕೊಟ್ಟವರ ಹೆಸರು. ಅಮ್ಮನ ತಪ್ಪಲೆಗಳ ಮೇಲೆ ಅವಳ ಅಪ್ಪನ ಹೆಸರು, ಚಿಕ್ಕಮ್ಮನ ಕೊಡಗಳ ಮೇಲೆ ಅವಳಣ್ಣನ ಹೆಸರು, ತಮಿಳು ಅಕ್ಷರದಲ್ಲಿ, ಚುಕ್ಕಿ ಚುಕ್ಕಿಯಾಗಿ. ನಾನು ಅಕ್ಷರ ಕಲಿತದ್ದೇ ಊಟದ ತಟ್ಟೆ ಓದಿ ಎಂದು ಅಪ್ಪ ನಗುತ್ತಿದ್ದರು. ಅನ್ನ ಖಾಲಿಯಾದ ಮೇಲೆ ತಾನೇ ಅಕ್ಷರ ಕಾಣುವುದು. ನಾನು ಓದಿನಲ್ಲಿ ಮುಂದೆ ಬರದೆ ಮೈಯಲ್ಲಿ ಮುಂದೆ ಬಂದದ್ದು ಹಾಗೆ.

ಇಂಥ ಮನೆಯಲ್ಲಿ ಗುರುತಿಲ್ಲದ ಸಾಮಾನು ಒಂದೇ, ಮಜ್ಜಿಗೆಯ ಪಿಂಗಾಣಿ ಜಗ್ಗು. ಕೆನೆಯಂಥ ಬಿಳುಪು, ಹೊಟ್ಟೆಯ ಸುತ್ತ ನೀಲಿ ಬಳ್ಳಿ, ಬಾಯಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಹುಳಿ ತಾಗಿದರೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ಇದಕ್ಕೆ ಆ ಭಯವಿಲ್ಲ. ಜಗ್ಗು ಇದ್ದಲ್ಲಿ ಚೌಡತ್ತೆ ಇರುತ್ತಿದ್ದಳು. ಅವಳು ಅಪ್ಪನ ಅಕ್ಕ. ಅಮ್ಮ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳ ಮದುವೆಯ ಪಾತ್ರೆಗಳು ಗಂಡನ ಮನೆಯಲ್ಲೇ ಉಳಿದವು. “ಪಾಪ, ಬರಿಗೈಲಿ ಬಂದ್ಲು” ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಮಧ್ಯಾಹ್ನ ಮಗ್ಗಗಳ ಸದ್ದು ನಿಂತಾಗ ಅತ್ತೆ ಇಂಗು, ಹಸಿಮೆಣಸಿನಕಾಯಿ ಹಾಕಿದ ಮಜ್ಜಿಗೆಯನ್ನು ಜಗ್ಗಿನಲ್ಲಿ ತಂದು ಎಲ್ಲರ ಲೋಟಕ್ಕೂ ಹುಯ್ಯುತ್ತಿದ್ದಳು. ಕೊನೆಯಲ್ಲಿ ಉಳಿದ ತೆಳುವು ಅವಳದು.

ತೊಂಬತ್ತರ ದಶಕದಲ್ಲಿ, ನನ್ನ ಮದುವೆಯ ಮಾತು ನಡೆಯುತ್ತಿದ್ದಾಗ, ಅಪ್ಪ ಮತ್ತು ಚಿಕ್ಕಪ್ಪ ಮನೆ ಹಂಚಿಕೊಂಡರು. ಜಗಳವೇನಿಲ್ಲ, ಜನ ಹೆಚ್ಚಾಗಿದ್ದರು, ಅಷ್ಟೆ. ನಡುಮನೆಗೆ ಅಡ್ಡ ಗೋಡೆ ಎತ್ತುವುದೆಂದಾಯಿತು. ಹೆಸರಿದ್ದ ಪಾತ್ರೆಗಳು ತಾವೇ ನಡೆದುಹೋದಂತೆ ಎರಡು ಕಡೆ ಸೇರಿದವು. ನಡುವೆ ಜಗ್ಗು ಉಳಿಯಿತು.

“ಅದು ನಂದು. ದೊಡ್ಡ ಸೊಸೆಗೇ ಅಂತ ಅತ್ತೆಮ್ಮ ಏಳವ್ರೆ” ಎಂದಳು ಅಮ್ಮ.

“ನಂಗೂ ಏಳವ್ರೆ ಕಣಕ್ಕ. ಉಪ್ಪಿನ್ಕಾಯಿ ಚೆಂದಾಗಿ ಹಾಕೋಳು ನೀನು, ನಿಂಗೇ ಅಂದ್ರು” ಎಂದಳು ಚಿಕ್ಕಮ್ಮ.

“ನಿನ್ನ ಉಪ್ಪಿನ್ಕಾಯ? ನಾಲಿಗೆ ಕೆಟ್ಟೋದ್ಮೇಲೆ ಅಂದಿರ್ಬೇಕು ಬಿಡು.”

ಇಬ್ಬರದೂ ನಿಜವೇ. ಅಷ್ಟರಲ್ಲಾಗಲೇ ತೀರಿಕೊಂಡಿದ್ದ ಅಜ್ಜಿ, ಒಂದೇ ವಸ್ತುವನ್ನು ಗುಟ್ಟಾಗಿ ಇಬ್ಬರಿಗೂ ಕೊಟ್ಟು, ಇಬ್ಬರ ಕೈಲೂ ಕಾಲು ಒತ್ತಿಸಿಕೊಂಡವರು. ಆದರೆ ಅತ್ತೆ ಗೋಡೆಯ ಯಾವ ಕಡೆ ಇರಬೇಕು ಎಂಬುದನ್ನು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಜಗ್ಗು ಹೋದ ಕಡೆ ಅವಳೂ ಹೋಗುತ್ತಾಳೆ ಎಂಬಂತಿತ್ತು ಎಲ್ಲರ ನಡವಳಿಕೆ. ಅವಳು ಮೂಲೆಯಲ್ಲಿ ರಾಟೆ ತಿರುಗಿಸುತ್ತ ಕೂತಿದ್ದಳು. ಅಂದು ರಾಟೆ ಮಾಮೂಲಿಗಿಂತ ನಿಧಾನವಾಗಿತ್ತು.

ಚಿಕ್ಕಪ್ಪನಿಗೆ ಒಂದು ಉಪಾಯ ಹೊಳೆಯಿತು. ಜಗ್ಗು ಎಷ್ಟು ಹಳೆಯದು, ಎಲ್ಲಿಯದು ಎಂದು ತಿಳಿದರೆ ಯಾರ ಕಡೆಯದು ಎಂದೂ ತಿಳಿಯುತ್ತದಲ್ಲ ಎಂದು, ಹಳೆಯ ಸಾಮಾನು ಕೊಂಡು ಮಾರುವ ಒಬ್ಬರನ್ನು ಕರೆತಂದ. ಬಂದವರು ಜಗ್ಗನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡರು. ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಬೆಳಕಿಗೆ ಹಿಡಿದು ನೋಡಿದರು. ಬೋರಲು ಹಾಕಿ ತಳದ ಒರಟು ಅಂಚಿನ ಮೇಲೆ ಬೆರಳಾಡಿಸಿದರು. “ಅಡಿಯಿಲ ಸೀಲೇ ಇಲ್ಲಯೇ!” ಎಂದರು. ಪಿಂಗಾಣಿ ಮಾಡಿದವರು ತಳದಲ್ಲಿ ಮುದ್ರೆ ಒತ್ತುತ್ತಾರಂತೆ, ಇದರಲ್ಲಿ ಅದಿಲ್ಲ. ಹಳೆಯದು ಹೌದು, ಹಡಗಿನಲ್ಲಿ ಬಂದದ್ದಿರಬಹುದು, ಬೇರೆ ಏನೂ ಹೇಳಲು ಬರುವುದಿಲ್ಲ ಎಂದು ಕೈ ಚೆಲ್ಲಿದರು. ಅಷ್ಟೂ ಹೊತ್ತು ನಾವೆಲ್ಲ ಅವರ ಹಿಂದೆ ಬಗ್ಗಿ ಜಗ್ಗಿನ ತಳವನ್ನೇ ನೋಡುತ್ತಿದ್ದೆವು.

ಇನ್ನೇನು ಕೆಳಗಿಡಬೇಕು, ಅವರ ಉಗುರು ಹಿಡಿಯ ಬುಡದಲ್ಲಿ ಕಪ್ಪಗೆ ಮೆತ್ತಿದ್ದ ಕೊಳೆಯನ್ನು ಕೀಳತೊಡಗಿತು.

“ತೆಗೀಬ್ಯಾಡಿ ಅದ! ಅದು ಕೊಳೆಯಲ್ಲ.”

ರಾಟೆ ನಿಂತಿತ್ತು. ಅತ್ತೆ ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ದೊಡ್ಡದಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಬಂದವರಿಗೆ ಕನ್ನಡ ಬಾರದು. ಆದರೂ ಅವರ ಉಗುರು ಹಾಗೇ ನಿಂತಿತು.

ಅಮ್ಮ ಬಿಸಿನೀರು, ಸೀಗೆಪುಡಿ ತಂದಳು. ಮೆಲ್ಲನೆ ತೊಳೆದಂತೆ ಕಪ್ಪಿನೊಳಗಿಂದ ಕೆಂಪು ನೂಲು ಕಂಡಿತು. ಅದರಲ್ಲಿ ಒಂದು ಗಂಟು, ಸ್ವಲ್ಪ ಬಿಟ್ಟು ಜೋಡಿ ಗಂಟು. ನೇಕಾರರ ಮನೆಯಲ್ಲಿ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಹತ್ತಿರ ಬಂದು ಬಗ್ಗಿದರು. ಹುಡುಗನಾಗಿದ್ದಾಗ ಅಕ್ಕನ ಮನೆಯ ಲಡಿಗಳನ್ನೂ ಬಣ್ಣಕ್ಕೆ ಹೊತ್ತವರು ಅವರು.

“ಭಾವನ ಗಂಟಲ್ವೇನಕ್ಕ ಇದು?”

ಅತ್ತೆ ತಲೆಯಾಡಿಸಿದಳು. “ಯೇರ್ಕಾಡ್ ಬೆಟ್ಟದಾಗೆ ಯಾರೋ ದೊರೆ ಬಂಗ್ಲೆ ಸಾಮಾನೆಲ್ಲ ಮಾರ್ತಿದ್ರಂತೆ. ಸೀರೆ ಮಾರಕ್ಕೆ ಓಗಿದ್ರು, ಇದ್ನ ಹೊತ್ಕಂಡು ಬಂದ್ರು. ಹಿತ್ತಾಳೇಲಿ ಮಜ್ಜಿಗೆ ಕಿಲುಬು ವಾಸ್ನೆ ಅಂತ ನಾನೊಂದಿನ ಅಂದಿದ್ದೆ, ಅಷ್ಟೇಯ. ನಿನ್ನ ಹೆಸ್ರು ಹಾಕ್ಸೋಣ ಅಂದ್ರೆ ಇದು ಒಡೆದೋಯ್ತದಲ್ಲ, ತಗಾ, ನನ್ನ ಗಂಟೇ ಇರ್ಲಿ ಅಂತ ಕಟ್ಟುದ್ರು. ಇಲ್ಗೆ ಬರೋವಾಗ ಸೆರಗಿನಡಿ ಇದೊಂದ್ನೇ ತಂದು ಅಡ್ಗೆಮನೇಲಿಟ್ಟೆ, ಎಲ್ರೂ ಮನೇದೇ ಅಂದ್ಕಂಡ್ರು.”

“ಇಷ್ಟು ವರ್ಷ ಯಾಕೆ ಏಳ್ಲಿಲ್ಲ ಅತ್ಗೆ?” ಅಮ್ಮನ ದನಿ ಇಳಿದಿತ್ತು.

“ಯಾರು ಕೇಳುದ್ರಿ? ಮಜ್ಜಿಗೆ ಕೇಳುದ್ರಿ. ಉಯ್ದೆ.”

ಚಿಕ್ಕಮ್ಮ ಸೆರಗಿನಿಂದ ಜಗ್ಗನ್ನು ಒರೆಸಿ ಅತ್ತೆಯ ಕೈಗಿತ್ತಳು. ಇತ್ತ ಮೇಲೂ ಅದನ್ನು ಬೇಗ ಬಿಡಲಿಲ್ಲ. “ನಮ್ ಕಡೇನೇ ಇರಿ ಅತ್ಗೆ” ಎಂದಳು. “ಯಾಕೆ, ನಮ್ ಕಡೆ ಏನಾಗದೆ?” ಎಂದಳು ಅಮ್ಮ. ಈಗ ಅವರು ಜಗಳವಾಡುತ್ತಿದ್ದುದು ಜಗ್ಗಿಗಲ್ಲ. ಅತ್ತೆ ಇಬ್ಬರನ್ನೂ ನೋಡಿ, ನನ್ನ ನೆನಪಿನಲ್ಲಿ ಮೊದಲ ಸಲ, ಹಲ್ಲು ಕಾಣುವಂತೆ ನಕ್ಕಳು.

ಗೋಡೆ ಎತ್ತುವ ದಿನ ಅತ್ತೆ ಮೇಸ್ತ್ರಿಯ ಮುಂದೆ ಜಗ್ಗನ್ನು ಇಟ್ಟು, “ಇದು ಕೂರೋವಷ್ಟು ಕಿಂಡಿ ಬಿಡಪ್ಪ” ಎಂದಳು. ಯಜಮಾನಿಯ ಮಾತಿನಂತೆ ಅದು ನಡೆಯಿತು. ಆಮೇಲೆ ಎಷ್ಟೋ ವರ್ಷ, ಮಧ್ಯಾಹ್ನವಾದರೆ ಆ ಕಿಂಡಿಯಲ್ಲಿ ಜಗ್ಗು ಕೂರುತ್ತಿತ್ತು. ಗೋಡೆಯ ಎರಡೂ ಕಡೆಯಿಂದ ಲೋಟಗಳು ಬರುತ್ತಿದ್ದವು. ಅತ್ತೆ ಮನಸ್ಸು ಬಂದ ಕಡೆ ಮಲಗುತ್ತಿದ್ದಳು.

ಈಗ ಅತ್ತೆಯಿಲ್ಲ. ಜಗ್ಗು ನನ್ನ ಮನೆಯಲ್ಲಿದೆ. ಯೋಚಿಸಿದರೆ, ಅವಳ ಬಾಯಲ್ಲಿ ಮಾವನ ಹೆಸರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ. ಆದರೆ ದಿನವೂ ಮಜ್ಜಿಗೆ ಹುಯ್ಯುವಾಗ ಅವಳ ಬೆರಳು ಹಿಡಿಯ ಬುಡದ ಆ ಗಂಟಿನ ಮೇಲೇ ಇರುತ್ತಿತ್ತು.

“ಅಕ್ಕಾ, ಪೇರು?” ಅಂಗಡಿಯವರು ಇನ್ನೂ ಕಾಯುತ್ತಿದ್ದರು. ನನ್ನ ಹೆಸರು ಹೇಳಬೇಕೆಂದೇ ಬಾಯಿ ತೆರೆದೆ.

“ಚೌಡಮ್ಮ” ಎಂದೆ.

“ಉಂಗ ಪೇರಾ?”

“ನನ್ನದಲ್ಲ. ಕೊಡುವವರದು” ಎಂದೆ ತಮಿಳಿನಲ್ಲಿ.

ಮಿಷನ್ನು ಗುರ್ರೆಂದಿತು. ಚುಕ್ಕಿಯ ಪಕ್ಕ ಚುಕ್ಕಿ ಬಿದ್ದು, ಅತ್ತೆಯ ಹೆಸರು ಮೊದಲ ಬಾರಿಗೆ ಒಂದು ಪಾತ್ರೆಯ ಮೇಲೆ ಮೂಡಿತು. ಮನೆಗೆ ಬಂದು ಕೊಡದ ಕಂಠಕ್ಕೆ ಕೆಂಪು ನೂಲು ಸುತ್ತಿದೆ. ಒಂದು ಗಂಟು, ಸ್ವಲ್ಪ ಬಿಟ್ಟು ಜೋಡಿ ಗಂಟು.